ಹೊಲಿಗೆ ಮಿಷನ್ನಿನ ಬಾಬಿನ್ ಕೇಸ್ ಮುಂದೆ ಎರಡು ತಾಸು ಕೂರೋ ಮಗ ಹೋಂವರ್ಕಿಗೆ ಎರಡು ನಿಮಿಷ ಕೂರಲ್ಲ. ಇದು ನಿಜವಾಗ್ಲೂ ಎಡಿಎಚ್‌ಡಿನಾ, ಅಂದ್ರೆ ಗಮನದ ಕೊರತೆ, ಅತಿ ಚಟುವಟಿಕೆಯ ತೊಂದರೆನಾ?

ಬೆಣ್ಣೆನಗರಿ_ಟೈಲರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೀತಿದೀನಿ. ಮನೇಲೇ ಬ್ಲೌಸ್ ಹೊಲೀತೀನಿ, ಫಾಲ್-ಪಿಕೋ ಮಾಡ್ತೀನಿ. ಮಗನಿಗೆ 8 ವರ್ಷ 4 ತಿಂಗಳು, ಮೂರನೇ ಕ್ಲಾಸು. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡ್ಕೋಬೇಡಿ. ಹದಿನೈದು ದಿನದಿಂದ ಹೊಟ್ಟೆಯೊಳಗೇ ಇಟ್ಕೊಂಡಿದೀನಿ.

ಜೂನ್‌ನಿಂದ ಇಲ್ಲಿವರೆಗೆ ಅವನು ಕಳ್ಕೊಂಡಿದ್ದು ಮೂರು ನೀರಿನ ಬಾಟ್ಲಿ, ಎರಡು ಪೌಚು, ಒಂದು ಸ್ವೆಟರು, ಒಂದು ಶೂ. ಜೊತೆ ಅಲ್ಲ, ಒಂದೇ ಶೂ. ಇನ್ನೊಂದು ಕಾಲಲ್ಲೇ ಇತ್ತು, ಆಟೋದಿಂದ ಹಾಗೇ ಇಳಿದು ಓಡಿ ಬಂದ. ಪೆನ್ಸಿಲ್ಲು, ರಬ್ಬರು ಲೆಕ್ಕ ಇಡೋದೇ ಬಿಟ್ಟಿದೀನಿ. ಡೈರಿ ತುಂಬ ಕೆಂಪು ಇಂಕು. "ಕೂತ ಕಡೆ ಕೂರಲ್ಲ", "ಪಕ್ಕದವರಿಗೆ ತೊಂದರೆ ಕೊಡ್ತಾನೆ". ಮಿಸ್ಸು ಪ್ರಶ್ನೆ ಮುಗಿಸೋ ಮುಂಚೆನೇ ಉತ್ತರ ಕೂಗ್ತಾನಂತೆ. ಉತ್ತರ ಸರಿ ಇದ್ರೂ ಹೊರಗೆ ನಿಲ್ಲಿಸ್ತಾರೆ. ಬಾಯಲ್ಲಿ ಲೆಕ್ಕ ಕೇಳಿ, ಪಟಪಟ ಹೇಳ್ತಾನೆ. ಪುಸ್ತಕದಲ್ಲಿ ಮಾತ್ರ ಕೂಡೋ ಚಿಹ್ನೆ ಇರೋ ಕಡೆ ಕಳೆದಿರ್ತಾನೆ. "ಹಾಲಿನ ಪ್ಯಾಕೆಟ್ ತಗೊಂಡು ಬಾ, ಬಂದು ಚಪ್ಪಲಿ ಒಳಗಿಡು, ಕೈ ತೊಳ್ಕೋ" ಅಂತ ಕಳಿಸಿದ್ರೆ ಅರ್ಧ ಗಂಟೆ ಆದ್ಮೇಲೆ ಎದುರು ಮನೆ ನಾಯಿಮರಿ ಹತ್ರ ಸಿಗ್ತಾನೆ. ಹಾಲಿನ ದುಡ್ಡು ಜೇಬಲ್ಲೇ ಇರುತ್ತೆ.

ನನಗೆ ತಲೆ ಕೆಟ್ಟಿರೋದು ಇದಕ್ಕಲ್ಲ. ಹೋದ ತಿಂಗಳು ನನ್ನ ಮಿಷನ್ನು ದಾರ ಕಡೀತಿತ್ತು. ನಾನು ಮಾರ್ಕೆಟ್ಟಿಗೆ ಹೋಗಿ ಬರೋಷ್ಟರಲ್ಲಿ ಇವನು ಬಾಬಿನ್ ಕೇಸ್ ತೆಗೆದು, ಸ್ಕ್ರೂ ಬಿಚ್ಚಿ, ಒಳಗೆ ಸಿಕ್ಕಿದ್ದ ದಾರದ ಚೂರೆಲ್ಲ ಪಿನ್ನಿನಲ್ಲಿ ಕಿತ್ತು ಪೇಪರ್ ಮೇಲೆ ಸಾಲಾಗಿ ಇಟ್ಟಿದ್ದ. ಎರಡು ತಾಸು. ಅತ್ತೆ ಊಟಕ್ಕೆ ಕರೆದ್ರೂ ಕೇಳಿಸಿಲ್ಲ. ಆಮೇಲೆ ಮಿಷನ್ನು ಸರಿ ಓಡ್ತು ಕೂಡ. ಅಷ್ಟು ಗಮನ ಇರೋ ಮಗುಗೆ ಗಮನದ ಕೊರತೆ ಅಂದ್ರೆ ಹೇಗೆ ನಂಬೋದು?

ಸ್ಕೂಲಿನವರ ಒತ್ತಾಯಕ್ಕೆ ಒಬ್ಬ ಮನೋವೈದ್ಯರ ಹತ್ರ ಹೋದ್ವಿ. ನಮಗೊಂದು ಫಾರಂ, ಮಿಸ್ಸಿಗೊಂದು ಫಾರಂ ಕೊಟ್ರು. ಮಿಸ್ಸು ನಿಂತಲ್ಲೇ ಎಲ್ಲದಕ್ಕೂ "ಯಾವಾಗಲೂ" ಅಂತ ಟಿಕ್ ಹಾಕಿ ಕೊಟ್ರು. ಎರಡನೇ ಸಲ ಹೋದಾಗ ಡಾಕ್ಟ್ರು ಎಡಿಎಚ್‌ಡಿ ಅಂದ್ರು, ಮೆಥೈಲ್‌ಫೆನಿಡೇಟ್ ಮಾತ್ರೆ ಬರೆದ್ರು. ನಮ್ಮ ಬೀದಿ ಮೆಡಿಕಲ್‌ನವನು ಚೀಟಿ ನೋಡಿ, "ಇದು ನಮ್ಮಲ್ಲಿ ಬರಲ್ಲ, ಮಗುಗೆ ಯಾಕಮ್ಮ ಇಂಥದ್ದೆಲ್ಲ?" ಅಂದ. ಆ ಚೀಟಿ ಬೀರುವಿನಲ್ಲಿ ಸೀರೆ ಮಡಿಕೆಯೊಳಗೆ ಇದೆ. ಅತ್ತೆ ಎರಡು ಅಮಾವಾಸ್ಯೆ ದೃಷ್ಟಿ ತೆಗೆದ್ರು. ನಮ್ಮಮ್ಮ, ಒಬ್ನೇ ಮಗ ಅಂತ ಮುದ್ದು ಮಾಡಿ ಕೆಡಿಸಿದೀಯ ಅಂತಾಳೆ. ನಮ್ಮನೆಯವರದ್ದು ಒಂದೇ ಮಾತು: "ನಾನೂ ಹಿಂಗೇ ಇದ್ದೆ, ಏನಾಗಿದೀನಿ ಈಗ?"

ಕೊಡ್ಲಾ ಬಿಡ್ಲಾ? ಸ್ಕೂಲಲ್ಲಿ ಏನಂತ ಹೇಳ್ಲಿ? ಅನುಭವ ಇರೋರು ದಯವಿಟ್ಟು ಬರೀರಿ.

---

ಹಳೇಹುಲಿ:

ನಮ್ಮ ಕಾಲದಲ್ಲಿ ಇದಕ್ಕೆ ಹೆಸರೇ ಇರಲಿಲ್ಲ, ಮೇಷ್ಟ್ರ ಕೈಯಲ್ಲಿ ಬೆತ್ತ ಇತ್ತು. ಮೊಬೈಲ್ ಕಿತ್ಕೊಳ್ಳಿ, ಸಕ್ಕರೆ-ಚಾಕಲೇಟ್ ನಿಲ್ಲಿಸಿ, ಮೈದಾನಕ್ಕೆ ಬಿಡಿ. ಮಾತ್ರೆ ಕಂಪನಿಗಳ ವ್ಯಾಪಾರ ಇದೆಲ್ಲ.

---

ನಾಲೆಬಯಲು:

ಅಕ್ಕ, ನಂದು ಮದ್ದೂರು ಕಡೆ. ಕಬ್ಬು, ಭತ್ತ. ನನ್ನ ಮಗನಿಗೆ ಈಗ 15, ಎಸ್ಸೆಸ್ಸೆಲ್ಸಿ. ಏಳನೇ ವರ್ಷದಲ್ಲಿ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲಿ ಇದೇ ಹೆಸರು ಹೇಳಿದ್ರು. ಅದಕ್ಕೆ ಮುಂಚೆ ನಾನೂ ಹಳೇಹುಲಿಯವರ ಔಷಧಿನೇ ಕೊಟ್ಟಿದ್ದು. ಹುಣಸೆ ಬರಲು. ಒಂದ್ಸಲ ಗಾಡಿ ಮುಂದೆ ಅಡ್ಡ ಓಡಿದ ಅಂತ ಕಾಲಿನ ಮೇಲೆ ಬಾಸುಂಡೆ ಬರೋ ಹಂಗೆ ಹೊಡೆದೆ. ರಾತ್ರಿ ಎಣ್ಣೆ ಹಚ್ತಾ ಕೂತಿದ್ದಾಗ ಅಂದ, "ಅಪ್ಪ, ಓಡಬಾರದು ಅಂತ ನಂಗೊತ್ತಿತ್ತು. ಗೊತ್ತಾಗೋ ಹೊತ್ಗೆ ಕಾಲು ಹೋಗ್ಬುಟ್ಟಿತ್ತು." ಎಂಟು ವರ್ಷ ಆಯ್ತು, ಆ ಮಾತು ನನ್ನ ಬಿಟ್ಟಿಲ್ಲ. ಈ ಕಾಯಿಲೆ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಅದನ್ನೇ ಹೇಳೋದು.

ನಿಮ್ಮ ಬಾಬಿನ್ ಕೇಸಿನ ಪ್ರಶ್ನೆಗೆ ಬತ್ತೀನಿ. ನಮ್ಮ ಹುಡುಗ ಕೆಟ್ಟ ರೇಡಿಯೋ ಹಿಡ್ಕೊಂಡು ಮಧ್ಯಾಹ್ನ ಪೂರ್ತಿ ಕೂರೋನು, ಮಗ್ಗಿ ಪುಸ್ತಕ ತೆಗೆದ್ರೆ ಹೊಟ್ಟೆನೋವು. ನಾಟಕ ಅಂದ್ಕಂಡಿದ್ದೆ. ನಮ್ಮ ಕಡೆ ನಾಲೆಗೆ ನೀರು ಬಿಟ್ಟಾಗ ಯಾರ ಗದ್ದೆಗೆ ಎಷ್ಟೊತ್ತು ಅಂತ ತೂಬು ಎತ್ತಿ ಇಳಿಸೋನು ನೀರುಗಂಟಿ. ಅವನು ತೂಕಡಿಸಿದ್ರೆ ನಾಲೇಲಿ ನೀರೇನೂ ಕಮ್ಮಿ ಆಗಲ್ಲ. ತಗ್ಗಿನ ಗದ್ದೇಲಿ ಮೊಣಕಾಲುದ್ದ ನಿಂತ್ಕತದೆ, ಮೇಲಿನ ಗದ್ದೆ ಬಿರುಕು ಬಿಡ್ತದೆ. ನಿಮ್ಮ ಹುಡುಗನಿಗೆ ಮಿಷನ್ನು ತಗ್ಗಿನ ಗದ್ದೆ, ಹೋಂವರ್ಕು ಮೇಲಿನ ಗದ್ದೆ. ಗಮನಕ್ಕೆ ಬರ ಬಂದಿಲ್ಲ, ಹಂಚೋನು ತೂಕಡಿಸ್ತಾವನೆ. ಡಾಕ್ಟ್ರು ಈ ಮಾತ್ರೆ ಉದ್ದೀಪಕ ಅಂದಾಗ ನಾನು ಹೌಹಾರಿದ್ದೆ, ಮೊದ್ಲೇ ಕುಣಿಯೋನಿಗೆ ಇನ್ನೂ ಕುಣಿಸೋ ಮಾತ್ರೆಯಾ ಅಂತ. ಅದು ಎಬ್ಬಿಸೋದು ಹುಡುಗನನ್ನಲ್ಲ, ನೀರುಗಂಟೀನ. ಇದು ನಾನು ಮಾಡ್ಕಂಡ ಅರ್ಥ. ಡಾಕ್ಟ್ರಿಗೆ ಹೇಳಿದೆ, ನಕ್ಕು "ಹೆಚ್ಚುಕಮ್ಮಿ ಅಷ್ಟೇ" ಅಂದ್ರು.

ಮಾತ್ರೆ ಕೊಟ್ಟ ಮೇಲೆ ಏನಾಯ್ತು ಅಂತ ಇದ್ದಂಗೇ ಹೇಳ್ತೀನಿ. ಗುಣ ಮೊದಲ ವಾರದಲ್ಲೇ ಕಾಣ್ತು, ಹಾಳೆ ಪೂರ್ತಿ ಬರೆದ. ಆದ್ರೆ ಊಟ ಸೇರಲಿಲ್ಲ, ಮಧ್ಯಾಹ್ನದ ಡಬ್ಬಿ ತುಂಬಿದ್ದು ತುಂಬಿದ್ಹಂಗೇ ವಾಪಸ್ಸು. ನಮ್ಮವಳು ಅತ್ತೇಬಿಟ್ಟಳು. ಆಮೇಲೆ ಮಾತ್ರೆಗೆ ಮುಂಚೆ ಬೆಳಗ್ಗೆನೇ ಮುದ್ದೆ, ಮೊಟ್ಟೆ ಹೊಟ್ಟೆ ತುಂಬ, ಮತ್ತೆ ರಾತ್ರಿ ಎಂಟಕ್ಕೆ ಮಾತ್ರೆ ಇಳಿದ ಮೇಲೆ ಇನ್ನೊಂದು ದೊಡ್ಡ ಊಟ ಅಂತ ಮಾಡ್ಕಂಡ್ವಿ. ಹೋದಾಗೆಲ್ಲ ತೂಕ, ಎತ್ತರ, ನಾಡಿ, ಬಿಪಿ ನೋಡ್ತಾರೆ. ಒಂದ್ಸಲ ಪ್ರಮಾಣ ಜಾಸ್ತಿ ಆಗಿ ಹುಡುಗ ಮಂಕಾಗಿ ಗೊಂಬೆ ಥರ ಕೂತ. ಹೇಳಿದ ತಕ್ಷಣ ಇಳಿಸಿದ್ರು. ಮಂಕಾಗೋದು ಗುಣ ಅಲ್ಲ ಅಕ್ಕ, ಹಂಗಾದ್ರೆ ಸುಮ್ನೆ ಇರಬೇಡಿ.

ಮಾತ್ರೆ ಶೂ ಹುಡುಕಿ ಕೊಡಲ್ಲ. ಅದಕ್ಕೆ ಮನೇಲಿ ಬೇರೆ ಉಪಾಯ. ಮೂರು ಕೆಲಸ ಒಟ್ಟಿಗೆ ಹೇಳೋದು ಬಿಟ್ವಿ. ಹತ್ರ ಹೋಗಿ, ಭುಜ ಮುಟ್ಟಿ, ಒಂದು. ಆದ್ಮೇಲೆ ಇನ್ನೊಂದು. ಅಡುಗೆಮನೆಯಿಂದ ಕೂಗೋದು ಗಾಳಿಗೆ ಹೋಗ್ತದೆ. ಹೋಂವರ್ಕು ಕುಕ್ಕರ್ ಲೆಕ್ಕ, ಎರಡು ವಿಷಲ್ ಆಗೋ ತಂಕ ಬರಿ, ಎದ್ದು ಒಂದು ಸುತ್ತು ಓಡು, ಮತ್ತೆ ಎರಡು ವಿಷಲ್. ಜಗಲಿ ಕಟ್ಟೆ ಮೇಲೆ ಪುಸ್ತಕ ಇಟ್ಕಂಡು ನಿಂತು ಬರೆದ್ರೂ ಬರಹ ಬರಹನೇ. "ಪಾಸಾದ್ರೆ ಸೈಕಲ್ಲು" ಅನ್ನೋದು ಈ ಮಕ್ಕಳಿಗೆ ನಾಟಲ್ಲ, ಅವರಿಗೆ ಮಾರ್ಚ್ ತಿಂಗಳು ಅಂದ್ರೆ ಚಂದ್ರಲೋಕ. ನಾವು ಲೋಟಕ್ಕೆ ಹುಣಸೆ ಬೀಜ ಹಾಕ್ತಿದ್ವಿ. ಹೇಳಿದ್ದು ಮಾಡಿದ ಕೂಡ್ಲೇ ಒಂದು ಬೀಜ. ಹತ್ತಾದ್ರೆ ಅವತ್ತೇ ಸಂಜೆ ಟ್ರ್ಯಾಕ್ಟರ್ ಮೇಲೆ ನನ್ನ ಪಕ್ಕ ಕೂರೋದು. ತಪ್ಪು ಮಾಡಿದ ಅಂತ ಲೋಟದಿಂದ ಬೀಜ ವಾಪಸ್ ತೆಗೀಬಾರದು, ಒಂದ್ಸಲ ತೆಗೆದು ಇಡೀ ಆಟನೇ ಕೆಡಿಸ್ಕಂಡಿದ್ದೆ.

ನಮ್ಮ ದುಡ್ಡು ಹೋಗಿದ್ದು ಬೇರೆ ಕಡೆ. ಕಣ್ಣಿಗೆ ಬಟ್ಟೆ ಕಟ್ಟಿ ಬಣ್ಣ ಹೇಳಿಸ್ತೀವಿ, ಮೆದುಳು ಚುರುಕು ಮಾಡ್ತೀವಿ ಅನ್ನೋರ ಕೈಗೆ ಒಂದು ಬೆಳೆ ಕಬ್ಬಿನ ಲಾಭ ಇಟ್ಟು ಬಂದೆ.

ಈಗ ವಾಸಿ ಆಗಿದ್ದಾನಾ ಅಂದ್ರೆ, ಈ ವರ್ಷ ಬಸ್ ಪಾಸು ಎರಡು ಸಲ ಕಳೆದವನೆ. ಆದ್ರೆ ರಸ್ತೆ ದಾಟುವಾಗ ನಿಲ್ತಾನೆ.

---

ಸಾಲಿಮಾಸ್ತರ:

ಅಕ್ಕಾರ, ನಾ ಹಾವೇರಿ ಜಿಲ್ಲಾದಾಗ ಸರ್ಕಾರಿ ಪ್ರಾಥಮಿಕ ಸಾಲಿ ಮಾಸ್ತರ ಅದೀನ್ರಿ, 22 ವರ್ಷ ಆತು. ಒಂದು ಮಾತು ಸಾಲಿ ಕಡಿಂದ ಹೇಳ್ತೀನಿ. ನಮ್ಮಲ್ಲಿ ಒಂದರಿಂದ ಮೂರನೇತ್ತಾ ನಲಿ-ಕಲಿ. ಹುಡುಗ್ರು ಎದ್ದು ಹೋಗಿ ತಮ್ಮ ಕಾರ್ಡ್ ತಾವ ತರ್ತಾವ, ಒಂದು ತಟ್ಟಿಯಿಂದ, ಅಂದ್ರ ಗುಂಪಿನಿಂದ, ಇನ್ನೊಂದು ತಟ್ಟಿಗೆ ಹೋಗಿ ಕುಂದರ್ತಾವ. ಓಡಾಡೂದು ಅಲ್ಲಿ ತಪ್ಪಲ್ಲ, ಅದ ಪಾಠ. ನಾಲ್ಕನೇತ್ತಾಕ್ಕ ಬಂದು ಬೆಂಚಿನ ಮ್ಯಾಲೆ ನಲವತ್ತು ನಿಮಿಷ ಕುಂದರ್ಸಿದ ಮ್ಯಾಲೆ ಅದ ಹುಡುಗ "ತುಂಟ" ಆಗ್ತಾನ್ರಿ. ಹುಡುಗ ಬದಲಾಗಿರೂದಿಲ್ಲ, ಕೋಣಿ ಬದಲಾಗಿರ್ತೈತಿ. ಹಂಗಂತ ರೋಗನ ಇಲ್ಲ ಅಂತಲ್ಲ. ನಲಿ-ಕಲಿಯೊಳಗೂ ಹತ್ತು ಕಾರ್ಡ್ ತಂದು ಒಂದೂ ಮುಗಿಸದ ಹುಡುಗ್ರನ್ನ ನೋಡೀನಿ.

ಮಿಸ್ಸಿನ ಜೋಡಿ ಜಗಳಾ ಆಡಬ್ಯಾಡ್ರಿ. ಅವರಿಗೂ ಐವತ್ತು ಹುಡುಗ್ರು ಇರ್ತಾವ. "ನಿಮ್ಮಿಂದ ಮೂರ ಮೂರು ಸಹಾಯ ಬೇಕ್ರಿ" ಅನ್ರಿ. ಕಿಡಕಿ, ಬಾಗಿಲಾ ಬಿಟ್ಟು ಮುಂದಿನ ಬೆಂಚು. ಹತ್ತು ಲೆಕ್ಕದಾಗ ಐದು ಮಾಡಿದ್ರ ಸಾಕು. ತಾಸಿಗೊಮ್ಮೆ ಎದ್ದು ಹೋಗೂ ಕೆಲಸ. ಬೋರ್ಡ್ ಒರಸೂದು, ಹೆಡ್ ಮಾಸ್ತರ ಕೋಣಿಗೆ ಹಾಜರಿ ಪುಸ್ತಕ ಒಯ್ಯೂದು. ಹೊರಗ ನಿಲ್ಲಿಸೂದು ಈ ಹುಡುಗ್ರಿಗೆ ಶಿಕ್ಷಾ ಅಲ್ರಿ, ಆರಾಮ ಆಕ್ಕೈತಿ, ಅಲ್ಲೂ ಒಂದು ಇರಿವಿ ಸಾಲು ಸಿಗ್ತೈತಿ ನೋಡಾಕ. ಹಾಂ, ನನ್ನ ಮ್ಯಾಲೂ ಒಂದು ತಪ್ಪೈತಿ. ಗದ್ದಲ ಮಾಡೂ ಗಂಡಹುಡುಗ್ರನ್ನಷ್ಟ ನೋಡಿ, ಸುಮ್ನ ಕುಂತ ಹೆಣ್ಣುಮಕ್ಕಳನ್ನ "ಭಾಳ ಶಾಣ್ಯಾ, ಗಲಾಟಿನ ಇಲ್ಲ" ಅಂತ ಬಿಟ್ಟುಬಿಟ್ಟೆ. ಅವರೊಳಗ ಎಷ್ಟು ಮಂದಿ ಏನೂ ಕೇಳಿಸ್ಕೊಳ್ಳದ ಕುಂತಿದ್ರೋ.

---

ಕಿಟಕಿಸೀಟು:

ಮೇಷ್ಟ್ರು ಹೇಳಿದ ಆ ಶಾಣ್ಯಾ ಹುಡುಗಿ ನಾನೇ. ಊರು ಉಡುಪಿ, ಈಗ ಬೆಂಗಳೂರಿನಲ್ಲಿ ಕೆಲಸ, ವಯಸ್ಸು 31. ಗಲಾಟೆ ಮಾಡಲಿಲ್ಲ, ಬೆಂಚು ಹತ್ತಲಿಲ್ಲ, ಕಿಟಕಿಯಾಚೆ ತೆಂಗಿನ ಗರಿ ಎಣಿಸ್ತಾ ಹತ್ತು ವರ್ಷ ಶಾಲೆ ಮುಗಿಸಿದೆ. "ಬುದ್ಧಿ ಉಂಟು, ಆದ್ರೆ ಉದಾಸೀನ" ಅಂತ ಪ್ರತಿ ಪ್ರಗತಿ ಪತ್ರದಲ್ಲೂ ಬರೆದಿದ್ದರು. ಎರಡು ವರ್ಷದ ಹಿಂದೆ ಅಕ್ಕನ ಮಗನಿಗೆ ಪರೀಕ್ಷೆ ಮಾಡಿಸಲು ಹೋದಾಗ ಫಾರಂ ತುಂಬಲಿಕ್ಕೆ ಕೂತದ್ದು ನಾನು. ನಾಲ್ಕನೇ ಪ್ರಶ್ನೆಗೆ ಬರುವಾಗ ಪೆನ್ನು ನಿಂತಿತು. ಅದು ಅವನ ಬಗ್ಗೆ ಕೇಳಿದ್ದ ಹಾಗೆ ಇರಲೇ ಇಲ್ಲ.

ನಿಮ್ಮ ಯಜಮಾನರ "ನಾನೂ ಹಿಂಗೇ ಇದ್ದೆ" ಮಾತಿಗೆ ಸಿಟ್ಟು ಮಾಡ್ಬೇಡಿ. ಅದನ್ನು ಡಾಕ್ಟರ ಎದುರು ಹೇಳಿಸಿ. ಅದು ನೆವ ಅಲ್ಲ, ಮಾಹಿತಿ.

---

ಆಪ್ತಸಲಹೆ:

ನಾನು ಮಕ್ಕಳ ಜೊತೆ ಕೆಲಸ ಮಾಡುವ ಕ್ಲಿನಿಕಲ್ ಸೈಕಾಲಜಿಸ್ಟ್. ಮಾತ್ರೆ ಕೊಡಿ, ಬಿಡಿ ಎಂದು ಮಗುವನ್ನು ನೋಡದೆ ಹೇಳುವುದಿಲ್ಲ. ಆದರೆ ಮೇಲಿನ ಕೆಲವು ವಿಷಯಕ್ಕೆ ಉತ್ತರ ಬಾಕಿ ಇದೆ.

ಇದಕ್ಕೆ ರಕ್ತ ಪರೀಕ್ಷೆ, ಸ್ಕ್ಯಾನ್ ಇಲ್ಲ. ಸ್ಕ್ಯಾನ್ ಮಾಡಿ ಎಡಿಎಚ್‌ಡಿ ಹೇಳುತ್ತೇವೆ ಅನ್ನುವವರಿಂದ ದೂರ ಇರಿ. ಇರುವುದು ಕೇಳಿ ತಿಳಿಯುವ ವಿಧಾನ. ಗಮನಕ್ಕೆ ಸಂಬಂಧಿಸಿದ 9 ಲಕ್ಷಣ, ಚಡಪಡಿಕೆ ಮತ್ತು ದುಡುಕಿಗೆ ಸಂಬಂಧಿಸಿದ 9 ಲಕ್ಷಣಗಳ ಎರಡು ಪಟ್ಟಿ ಇವೆ. ಮಕ್ಕಳಲ್ಲಿ ಒಂದು ಪಟ್ಟಿಯಿಂದಲಾದರೂ 6 ಇರಬೇಕು, ಕನಿಷ್ಠ 6 ತಿಂಗಳಿಂದ ಇರಬೇಕು, 12 ವರ್ಷದೊಳಗೇ ಶುರುವಾಗಿರಬೇಕು. ಮನೆ, ಶಾಲೆ ಎರಡೂ ಕಡೆ ಕಾಣಬೇಕು, ಮಗುವಿನ ಬದುಕಿಗೆ ಅಡ್ಡಿಯಾಗುತ್ತಿರಬೇಕು. ಬರೀ ಶಾಲೆಯಲ್ಲಿ ಮಾತ್ರ ಇದ್ದರೆ ಶಾಲೆಯ ಕಡೆ ನೋಡಬೇಕಾಗುತ್ತದೆ. ಅದಕ್ಕೇ ಮಿಸ್ಸು ನಿಂತಲ್ಲೇ ಟಿಕ್ ಹಾಕಿದ್ದು ನನಗೆ ಸರಿ ಕಾಣಲಿಲ್ಲ. ಡಾಕ್ಟರಿಗೆ ಹಾಗೆಂದು ತಿಳಿಸಿ, ಇನ್ನೊಬ್ಬ ಶಿಕ್ಷಕರಿಂದ ತುಂಬಿಸಿ. ಕಣ್ಣು, ಕಿವಿ ಪರೀಕ್ಷೆ ಆಗಿದೆಯೇ? ರಾತ್ರಿ ಗೊರಕೆ ಹೊಡೆದು ನಿದ್ದೆಗೆಡುವ ಮಗು ಹಗಲು ಹೀಗೇ ವರ್ತಿಸಬಹುದು. ಕ್ಷಣಕಾಲ ಶೂನ್ಯ ನೋಟದಲ್ಲಿ ನಿಂತುಬಿಡುವ ಒಂದು ಬಗೆಯ ಅಪಸ್ಮಾರವೂ ಗಮನ ತಪ್ಪಿದಂತೆ ಕಾಣುತ್ತದೆ. ಓದು-ಬರಹದ ಕಲಿಕಾ ನ್ಯೂನತೆ ಜೊತೆಗಿದೆಯೇ ಎಂಬುದನ್ನೂ ನೋಡಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಬಗೆಗಳ ಪಟ್ಟಿಯಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆ ಇದೆ, ಎಡಿಎಚ್‌ಡಿ ಪ್ರತ್ಯೇಕವಾಗಿ ಇಲ್ಲ. ಮುಂದೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಕೇಳುವ ಹೊತ್ತಿಗೆ ಇದು ಮುಖ್ಯವಾಗುತ್ತದೆ.

ಹಳೇಹುಲಿಯವರೇ, ಸಕ್ಕರೆ ವಿಷಯ. 1994ರಲ್ಲಿ ಒಂದು ಪ್ರಯೋಗ ನಡೆಯಿತು. ಮಕ್ಕಳೆಲ್ಲರಿಗೂ ಸಕ್ಕರೆಯಿಲ್ಲದ ಪಾನೀಯ ಕೊಟ್ಟು, ಅರ್ಧದಷ್ಟು ತಾಯಂದಿರಿಗೆ ಮಾತ್ರ "ಸಕ್ಕರೆ ಹಾಕಿದೆ" ಎಂದು ಹೇಳಿದರು. ಆ ತಾಯಂದಿರೇ ತಮ್ಮ ಮಕ್ಕಳು ಜಾಸ್ತಿ ಕುಣಿಯುತ್ತಿದ್ದಾರೆ ಎಂದು ಬರೆದುಕೊಟ್ಟರು. ಮೊಬೈಲ್ ಮಿತಿಯಲ್ಲಿರಲಿ, ಒಪ್ಪುತ್ತೇನೆ, ಆದರೆ ಈ ತೊಂದರೆಯ ವಿವರಣೆ 1902ರಲ್ಲೇ ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರ ಉಪನ್ಯಾಸಗಳಲ್ಲಿ ಸಿಗುತ್ತದೆ. ಆಗ ಮೊಬೈಲ್ ಎಲ್ಲಿತ್ತು? ವಂಶವಾಹಿಯ ಪಾಲು ದೊಡ್ಡದು, ಅವಳಿ ಮಕ್ಕಳ ಅಧ್ಯಯನಗಳ ಪ್ರಕಾರ ಶೇ. 70ರಿಂದ 80. ಮುದ್ದು ಮಾಡಿ ಕೆಡಿಸಿದ್ದೆಂದು ನಿಮ್ಮ ತಾಯಿ ಹೇಳಿದರಲ್ಲ, ಅದನ್ನು ಮನಸ್ಸಿನಿಂದ ತೆಗೆದುಬಿಡಿ.

2007ರ ಅಮೆರಿಕದ ಒಂದು ಅಧ್ಯಯನ ನನಗೆ ಕೆಲಸದಲ್ಲಿ ಬಹಳ ಉಪಯೋಗಕ್ಕೆ ಬಂದಿದೆ. ಈ ಮಕ್ಕಳಲ್ಲಿ ಮೆದುಳಿನ ಹೊರಪದರ ಬಲಿಯುವುದು ಸರಾಸರಿ 3 ವರ್ಷ ತಡ, ತಡ ಹೆಚ್ಚು ಕಂಡದ್ದು ಮುಂಭಾಗದಲ್ಲಿ. ನಿಮ್ಮ ಮಗ ಲೆಕ್ಕದಲ್ಲಿ ಎಂಟು ವರ್ಷದವನೇ. ಕಾಯುವುದರಲ್ಲಿ, ಚೀಲ ಜೋಡಿಸುವುದರಲ್ಲಿ ಅವನನ್ನು ಐದಾರು ವರ್ಷದವನೆಂದುಕೊಂಡು ನೋಡಿ, ಅರ್ಧ ಸಿಟ್ಟು ಅಲ್ಲೇ ಇಳಿಯುತ್ತದೆ.

ಆ ಮಾತ್ರೆ ಎಲ್ಲ ಅಂಗಡಿಯಲ್ಲಿ ಸಿಗದಿರುವುದಕ್ಕೆ ಕಾರಣ ಅದು ಕಾನೂನಿನ ನಿಯಂತ್ರಣದಲ್ಲಿರುವ ಔಷಧ, ಚೀಟಿ ಇಲ್ಲದೆ ಕೊಡುವಂತಿಲ್ಲ. ಹೆದರಬೇಕಾದದ್ದೆಂದು ಅಲ್ಲ. ಕುಟುಂಬದಲ್ಲಿ ಹೃದಯದ ತೊಂದರೆ ಇದ್ದರೆ ಶುರುಮಾಡುವ ಮುಂಚೆಯೇ ಹೇಳಬೇಕು. 6 ವರ್ಷದೊಳಗಿನ ಮಕ್ಕಳಿಗೆ ಮೊದಲು ಹೆತ್ತವರ ತರಬೇತಿ, ನಿಮ್ಮ ಮಗನ ವಯಸ್ಸಿಗೆ ತರಬೇತಿ, ಮಾತ್ರೆ ಎರಡೂ ಜೊತೆಯಲ್ಲಿ ಹೋಗಬಹುದು. ಈ ಮಾತ್ರೆ ಒಗ್ಗದಿದ್ದರೆ ಅಟೊಮಾಕ್ಸೆಟಿನ್‌ನಂಥ ಬೇರೆ ಔಷಧವೂ ಇದೆ, ಅದರ ಪೂರ್ಣ ಗುಣ ಕಾಣಲು ಕೆಲವು ವಾರ ಬೇಕು. ಎರಡನೇ ಅಭಿಪ್ರಾಯ ಬೇಕೆನಿಸಿದರೆ ನಿಮಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಬೆಂಗಳೂರಿಗಿಂತ ಹತ್ತಿರ. ರಾತ್ರಿ ಹೊತ್ತು ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ.

---

ಹಳೇಹುಲಿ:

ಸರಿಯಮ್ಮ, ಸಕ್ಕರೆ ಮಾತು ವಾಪಸ್ ತಗೊಂಡೆ. ನನ್ನ ತಮ್ಮ ಒಬ್ಬ ಇದ್ದ. ಏಳನೇ ಕ್ಲಾಸಲ್ಲಿ ಎರಡು ಸಲ ಡುಮ್ಕಿ ಹೊಡೆದ ಅಂತ ಬಿಡಿಸಿ ಗ್ಯಾರೇಜಿಗೆ ಹಾಕಿದ್ವು. ಇಂಜಿನ್ ಸದ್ದು ಕೇಳೇ ಏನು ಕೆಟ್ಟಿದೆ ಅಂತ ಹೇಳೋನು. ಅಪ್ಪನ ಬೆತ್ತದ ಗುರುತು ಕೊನೇವರೆಗೂ ಬೆನ್ನ ಮೇಲಿತ್ತು. ಇಷ್ಟು ದಿನ ಅವನು ನೆನಪಿಗೇ ಬಂದಿರಲಿಲ್ಲ.

---

ಬೆಣ್ಣೆನಗರಿ_ಟೈಲರ್:

ಮೂರು ವಾರ ಆಯ್ತು, ತಡವಾಗಿ ಬರೀತಿದೀನಿ. ಎಲ್ಲರ ಉತ್ತರಾನೂ ನಮ್ಮನೆಯವರಿಗೆ ಓದಿ ಹೇಳಿದೆ. ನೀರುಗಂಟಿ ಕಥೆ ಎರಡು ಸಲ ಓದಿಸಿದ್ರು.

ಕಣ್ಣು, ಕಿವಿ ತೋರಿಸಿದ್ವಿ, ಸರಿ ಇದೆ. ಫಾರಂ ಈ ಸಲ ಕನ್ನಡ ಮಿಸ್ಸು ಮನೆಗೆ ಒಯ್ದು ತುಂಬಿ ಕೊಟ್ರು, ಅದರಲ್ಲೂ ಹೆಚ್ಚುಕಮ್ಮಿ ಅದೇ ಬಂತು. ಡಾಕ್ಟ್ರು "ಮನೇಲಿ ಬೇರೆ ಯಾರಿಗಾದ್ರೂ ಹೀಗಿತ್ತಾ?" ಅಂತ ಕೇಳಿದಾಗ ನಮ್ಮನೆಯವರು ಫ್ಯಾನ್ ನೋಡ್ತಾ ಕೂತ್ರು. ಆಮೇಲೆ ಅವರೇ ಶುರು ಮಾಡಿದ್ರು. ಐಟಿಐ ಅರ್ಧಕ್ಕೆ ಬಿಟ್ಟಿದ್ದು, ಆರು ವರ್ಷದಲ್ಲಿ ಐದು ಕೆಲಸ, ನನಗೂ ಹೇಳಿರದ ಒಂದು ಆಕ್ಸಿಡೆಂಟು. ಮಗನ ಕನ್ಸಲ್ಟೇಷನ್ನು ಅವರದ್ದೇ ಆಗೋಯ್ತು. ಹೊರಗೆ ಬಂದು ಬೈಕ್ ಕೀ ಹುಡುಕಿದ್ರು. ಬೈಕಲ್ಲೇ ಇತ್ತು.

ಮಾತ್ರೆ ಆಸ್ಪತ್ರೆ ಪಕ್ಕದ ಮೆಡಿಕಲ್‌ನಲ್ಲಿ ಸಿಕ್ತು. ಚಿಕ್ಕ ಪ್ರಮಾಣ, ಇವತ್ತಿಗೆ ಒಂಬತ್ತು ದಿನ. ಡಬ್ಬಿಯಲ್ಲಿ ಇಡ್ಲಿ ವಾಪಸ್ ಬರ್ತಿದೆ, ಅದಕ್ಕೆ ಬೆಳಗ್ಗೆ ಏಳಕ್ಕೇ ಬೆಣ್ಣೆ ಹಾಕಿ ದೋಸೆ ತಿನ್ನಿಸ್ತೀನಿ. ನಿನ್ನೆ ಕೂಡೋ ಲೆಕ್ಕ ಕೂಡಿದ್ದ, ಎಂಟಕ್ಕೆ ಎಂಟು. ಇವತ್ತು ಸ್ವೆಟರ್ ಬಿಟ್ಟು ಬಂದಿದಾನೆ. ಮಿಸ್ಸು ಹಾಜರಿ ಪುಸ್ತಕದ ಕೆಲಸ ಕೊಟ್ಟಿದಾರೆ. ಹೊರಗೆ ನಿಲ್ಲಿಸೋದು ಪೂರ್ತಿ ನಿಂತಿಲ್ಲ, ವಾರಕ್ಕೆ ಒಂದಕ್ಕೆ ಬಂದಿದೆ. ಅತ್ತೆಗೆ ಅದು ಹಸಿವಿನ ಟಾನಿಕ್ಕು ಅಂತ ಹೇಳಿದೀನಿ. ಮೊಮ್ಮಗ ಊಟ ಬಿಟ್ಟಿರೋದು ನೋಡಿ ಟಾನಿಕ್ಕು ಸರಿ ಇಲ್ಲ ಅಂತಿದಾರೆ.

ಹುಣಸೆ ಬೀಜದ ಬದಲು ಹಳೇ ಬ್ಲೌಸ್ ಗುಂಡಿ ಲೋಟಕ್ಕೆ ಹಾಕ್ತಿದೀನಿ. ನಮ್ಮಲ್ಲಿ ಟ್ರ್ಯಾಕ್ಟರ್ ಇಲ್ಲ, ಹತ್ತು ಗುಂಡಿ ಆದ್ರೆ ಮಿಷನ್ನಿಗೆ ಎಣ್ಣೆ ಬಿಡೋದು ಅವನ ಕೆಲಸ. ಇವತ್ತು ಹತ್ತಾಯ್ತು. ಎಣ್ಣೆ ಬೇಡ, ಮೋಟರ್ ಬಿಚ್ತೀನಿ ಅಂತ ಕೂತಿದಾನೆ. ನಾಳೆ ಮದುವೆ ಮನೆಯವರಿಗೆ ಮೂರು ಬ್ಲೌಸ್ ಕೊಡಬೇಕು. ಭಾನುವಾರ ಅಂದಿದೀನಿ.